ರೀಡೈರೆಕ್ಟ್ ಲೂಪ್: ನಿಮ್ಮ ಸರ್ವರ್ ಕಣ್ಣಿಗೆ ಏನು ಕಾಣ್ತಿದೆ ಅಂತ ಮೊದಲು ನೋಡಿ

ಪ್ರಶ್ನೆ: ಸರ್, ನಮ್ಮ ವರ್ಡ್‌ಪ್ರೆಸ್ ಸೈಟ್ ಎಂಜಿನ್‌ಎಕ್ಸ್ ಸರ್ವರ್ ಮೇಲೆ ಓಡುತ್ತಿದೆ. ಎಚ್‌ಟಿಟಿಪಿಯಲ್ಲಿ ಬಂದವರನ್ನು ಎಚ್‌ಟಿಟಿಪಿಎಸ್‌ಗೆ ಕಳಿಸುವ ರೂಲ್ ಮೊದಲಿನಿಂದಲೂ ಇತ್ತು, ಏನೂ ತೊಂದರೆ ಇರಲಿಲ್ಲ. ಕಳೆದ ವಾರ ಸರ್ವರ್ ಮುಂದೆ ಒಂದು ಸಿಡಿಎನ್ (ಓದುಗರಿಗೂ ಸರ್ವರ್‌ಗೂ ನಡುವೆ ನಿಂತು ಪುಟಗಳನ್ನು ತಲುಪಿಸುವ ಸೇವೆ) ಹಾಕಿದೆ. ಅವತ್ತಿನಿಂದ ಕ್ರೋಮ್‌ನಲ್ಲಿ 'ಟೂ ಮೆನಿ ರೀಡೈರೆಕ್ಟ್ಸ್' ಅಂತ ಬರುತ್ತಿದೆ. ಕುಕೀ ಅಳಿಸಿ ನೋಡಿದೆ, ಆಗಲಿಲ್ಲ. ಕೊನೆಗೆ ಆ ರೂಲನ್ನೇ ತೆಗೆದುಹಾಕಿದೆ. ಈಗ ಮೊಬೈಲ್‌ನಲ್ಲಿ ಮುಖಪುಟ ತೆರೆಯುತ್ತದೆ, ಆದರೆ ಲಾಗಿನ್ ಪುಟ ಸುತ್ತುತ್ತಲೇ ಇದೆ. ಲ್ಯಾಪ್‌ಟಾಪ್‌ನಲ್ಲಂತೂ ಮುಖಪುಟವೂ ಬರುತ್ತಿಲ್ಲ. ಎಲ್ಲಿಂದ ಹುಡುಕಲಿ?

ಉತ್ತರ:

ನಿಮ್ಮ ಪ್ರಶ್ನೆಯ ಕೊನೆಯ ಸಾಲುಗಳು ತುಂಬಾ ಉಪಯೋಗಕ್ಕೆ ಬಂದವು. ಮೊಬೈಲ್‌ನಲ್ಲಿ ಮುಖಪುಟ ಬರುತ್ತದೆ, ಲಾಗಿನ್ ಬರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಎರಡೂ ಇಲ್ಲ. ಇಷ್ಟು ವಿವರ ಸಿಕ್ಕರೆ ಗಂಟು ಎಲ್ಲಿ ಬಿದ್ದಿದೆ ಅಂತ ಹೆಚ್ಚುಕಡಿಮೆ ಹೇಳಬಹುದು. ಮೂಲ ಕಾರಣ ಒಂದೇ. ಆದರೆ ಅದು ಮೂರು ಕಡೆ ತಲೆ ಎತ್ತಿದೆ: ಎಂಜಿನ್‌ಎಕ್ಸ್ ರೂಲ್‌ನಲ್ಲಿ ಒಂದು, ವರ್ಡ್‌ಪ್ರೆಸ್ ಒಳಗೆ ಒಂದು, ನಿಮ್ಮ ಲ್ಯಾಪ್‌ಟಾಪ್ ಬ್ರೌಸರಿನ ಕ್ಯಾಶ್‌ನಲ್ಲಿ, ಅಂದರೆ ಅದು ಹಳೇ ಉತ್ತರ ಬರೆದಿಟ್ಟುಕೊಳ್ಳುವ ಜಾಗದಲ್ಲಿ, ಒಂದು. ರೂಲ್ ತೆಗೆದಾಗ ಮೊದಲನೆಯದು ಮಾತ್ರ ನಿಂತಿತು. ಉಳಿದೆರಡು ಹಾಗೇ ಇವೆ.

ಮೂಲ ಕಾರಣ ಏನು ಅಂದರೆ, ಸಿಡಿಎನ್ ನಿಮ್ಮ ಸರ್ವರ್ ಜೊತೆ ಎಚ್‌ಟಿಟಿಪಿಯಲ್ಲಿ ಮಾತಾಡುತ್ತಿದೆ. ಕ್ಲೌಡ್‌ಫ್ಲೇರ್‌ನಲ್ಲಿ ಈ ಸೆಟ್ಟಿಂಗ್‌ಗೆ 'ಫ್ಲೆಕ್ಸಿಬಲ್' ಅಂತ ಹೆಸರು. ಬೇರೆ ಸಿಡಿಎನ್‌ಗಳಲ್ಲಿ 'ಒರಿಜಿನ್ ಪ್ರೋಟೋಕಾಲ್' ಅನ್ನುವಂಥ ಹೆಸರಿನಲ್ಲಿ ಇರುತ್ತದೆ. ಓದುಗರು ನಿಮ್ಮ ಸೈಟ್ ತೆರೆದಾಗ ಬ್ರೌಸರ್‌ನಿಂದ ಸಿಡಿಎನ್‌ವರೆಗೆ ಎಚ್‌ಟಿಟಿಪಿಎಸ್ ಇರುತ್ತದೆ. ಸಿಡಿಎನ್ ಎಚ್‌ಟಿಟಿಪಿಎಸ್‌ನ ಬೀಗವನ್ನು (ಗೂಢಲಿಪಿಯನ್ನು) ತೆಗೆದು, ಒಳಗಿನ ಮಾತನ್ನು ಬರೀ ಎಚ್‌ಟಿಟಿಪಿಯಲ್ಲಿ, ಪೋರ್ಟ್ 80ಕ್ಕೆ, ನಿಮ್ಮ ಸರ್ವರ್‌ಗೆ ದಾಟಿಸುತ್ತದೆ. ನಿಮ್ಮ ಎಂಜಿನ್‌ಎಕ್ಸ್ ಅದನ್ನು ನೋಡಿ, 'ಓ, ಇವರು ಎಚ್‌ಟಿಟಿಪಿಯಲ್ಲಿ ಬಂದಿದ್ದಾರೆ, ಎಚ್‌ಟಿಟಿಪಿಎಸ್‌ಗೆ ಹೋಗಿ' ಅನ್ನುತ್ತದೆ. ಆ ಮಾತು ಸಿಡಿಎನ್ ಮೂಲಕ ಬ್ರೌಸರ್‌ಗೆ ತಲುಪುತ್ತದೆ. ಬ್ರೌಸರ್ ಇದ್ದದ್ದೇ ಎಚ್‌ಟಿಟಿಪಿಎಸ್‌ನಲ್ಲಿ. ಆದರೂ ಹೇಳಿದ ಮಾತು ಕೇಳಿ ಮತ್ತೆ ಅದೇ ವಿಳಾಸಕ್ಕೆ ಹೋಗುತ್ತದೆ. ಮತ್ತೆ ಅದೇ ಉತ್ತರ ಸಿಗುತ್ತದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಎರಡೂ 20 ಸಲ ಹೀಗೆ ಓಡಾಡಿ ಕೈಚೆಲ್ಲುತ್ತವೆ. ನಿಮಗೆ ಕಾಣುವುದು ಆ ಕೊನೆಯ ಸಂದೇಶ.

ನೀವು ಬರೆದ ರೂಲ್‌ನಲ್ಲಿ ತಪ್ಪಿರಲಿಲ್ಲ. ಅದು ಕಂಡದ್ದಕ್ಕೆ ತಕ್ಕ ಹಾಗೆ ನಡೆದುಕೊಂಡಿತು. ಕಂಡದ್ದೇ ಬೇರೆಯಾಗಿತ್ತು. ನಾನು ನೋಡಿದ ರೀಡೈರೆಕ್ಟ್ ಲೂಪ್‌ಗಳಲ್ಲಿ ಹೆಚ್ಚಿನವು ಹೀಗೇ. ಸರಿಯಾದ ವಿಳಾಸ ಯಾವುದು ಅನ್ನುವುದರಲ್ಲಿ ಇಬ್ಬರಿಗೆ ಒಮ್ಮತ ಇರುವುದಿಲ್ಲ, ಅಥವಾ ಬಂದವರು ಯಾವ ವಿಳಾಸದಿಂದ ಬಂದರು ಅನ್ನುವುದು ಒಬ್ಬರಿಗೆ ಕಾಣುತ್ತಿರುವುದಿಲ್ಲ. ಹಾಗಾಗಿ ರೂಲ್ ಬದಲಿಸುವ ಮೊದಲು ಒಂದೊಂದು ಹೆಜ್ಜೆಯಲ್ಲೂ ಯಾರು ಮಾತಾಡುತ್ತಿದ್ದಾರೆ, ಅವರಿಗೆ ಏನು ಕಾಣುತ್ತಿದೆ ಅಂತ ನೋಡಬೇಕು. ಸುಮ್ನೆ ಒಂದೊಂದೇ ಸಾಲು ತೆಗೆದು ಹಾಕಿ ನೋಡುತ್ತಾ ಹೋದರೆ ಇಡೀ ದಿನ ಕಳೆಯುತ್ತದೆ.

ನೋಡುವುದಕ್ಕೆ ಬ್ರೌಸರ್ ಬೇಡ. ಅದಕ್ಕೆ ನೆನಪು ಜಾಸ್ತಿ: ಹಳೇ ರೀಡೈರೆಕ್ಟ್, ಕುಕೀ, ಇನ್ನೂ ಏನೇನೋ ಇಟ್ಟುಕೊಂಡಿರುತ್ತದೆ. ಟರ್ಮಿನಲ್‌ನಲ್ಲಿ ಓಡಿಸುವ ಕರ್ಲ್ ಆಜ್ಞೆ ಬಳಸಿ. ಅದು ಪ್ರತಿ ಸಲ ಹೊಸಬರಂತೆ ಹೋಗಿ ಕೇಳುತ್ತದೆ. ಕರ್ಲ್ ಆಜ್ಞೆಯ ಮುಂದೆ ಅಡ್ಡಗೆರೆ ಮತ್ತು ಇಂಗ್ಲಿಷಿನ ದೊಡ್ಡ 'ಐ' ಅಕ್ಷರ, ಆಮೇಲೆ ನಿಮ್ಮ ಸೈಟಿನ ವಿಳಾಸ. ಇಷ್ಟು ಬರೆದರೆ ಹೆಡರ್‌ಗಳು, ಅಂದರೆ ಪುಟಕ್ಕಿಂತ ಮೊದಲು ಬರುವ ಮಾಹಿತಿ ಸಾಲುಗಳು, ಮಾತ್ರ ಬರುತ್ತವೆ. ದೊಡ್ಡ 'ಎಲ್' ಸೇರಿಸಬೇಡಿ. ಸೇರಿಸಿದರೆ ಕರ್ಲ್ ತಾನೇ ಹಿಂಬಾಲಿಸಿಕೊಂಡು 50 ಸಲ ಓಡುತ್ತದೆ, ಪರದೆ ತುಂಬಾ ಸಾಲುಗಳು ಬಂದು ಏನೂ ತಿಳಿಯುವುದಿಲ್ಲ. ಒಂದೊಂದೇ ಹೆಜ್ಜೆ ನೋಡಿ. ರೂಲ್ ಇದ್ದಾಗ ನಿಮ್ಮ ಸರ್ವರ್‌ನಿಂದ ಬಂದಿರಬಹುದಾದ ಉತ್ತರ ಹೀಗಿರುತ್ತಿತ್ತು:

ಎಚ್‌ಟಿಟಿಪಿ/1.1 301 ಮೂವ್ಡ್ ಪರ್ಮನೆಂಟ್ಲಿ
ಸರ್ವರ್: ಎಂಜಿನ್‌ಎಕ್ಸ್
ಲೊಕೇಶನ್: ಎಚ್‌ಟಿಟಿಪಿಎಸ್://ನಮ್ಮಸೈಟ್/

ಇಲ್ಲಿ ಮೂರು ಸಂಗತಿ ಓದಬೇಕು. ಮೊದಲನೆಯದು ನಂಬರ್. 301 ಮತ್ತು 308 ಶಾಶ್ವತ, ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ. 302 ಮತ್ತು 307 ತಾತ್ಕಾಲಿಕ, ಬೇರೆ ಏನೂ ಹೇಳದಿದ್ದರೆ ನೆನಪಿಟ್ಟುಕೊಳ್ಳುವುದಿಲ್ಲ. ಎರಡನೆಯದು ಲೊಕೇಶನ್ ಸಾಲು. ನೀವು ಕೇಳಿದ ವಿಳಾಸವನ್ನು ಅದರ ಮೇಲೆ ಬರೆದು, ಅಕ್ಷರ ಅಕ್ಷರ ಹೋಲಿಸಿ. ಕೇಳಿದ್ದೂ ಅದೇ, ಹೋಗಿ ಅಂದದ್ದೂ ಅದೇ ಆಗಿದ್ದರೆ, ಉತ್ತರ ಕೊಟ್ಟವರಿಗೆ ನೀವು ಕೇಳಿದ ವಿಳಾಸ ಸರಿಯಾಗಿ ಕಾಣುತ್ತಿಲ್ಲ ಅಂತ ಅರ್ಥ. ಮುಂದೆ ಪ್ರಾಕ್ಸಿ, ಅಂದರೆ ಸಿಡಿಎನ್‌ನಂಥ ಮಧ್ಯವರ್ತಿ ಇದೆ, ಅದು ಏನೋ ಮುಚ್ಚುತ್ತಿದೆ. ಬೇರೆ ಬೇರೆ ಇದ್ದು, ಎರಡನೇ ವಿಳಾಸ ಮತ್ತೆ ಮೊದಲನೆಯದಕ್ಕೇ ಕಳಿಸುತ್ತಿದ್ದರೆ, ಎರಡು ರೂಲ್‌ಗಳ ನಡುವೆ ಜಗಳ. ಈ ಎರಡರಲ್ಲಿ ಯಾವುದು ಅಂತ ಗೊತ್ತಾದರೆ ಹುಡುಕುವ ಜಾಗ ಅರ್ಧಕ್ಕೆ ಇಳಿಯುತ್ತದೆ.

ಮೂರನೆಯದು, ಯಾರು ಹೇಳಿದ್ದು ಅನ್ನುವ ಗುರುತು. ವರ್ಡ್‌ಪ್ರೆಸ್ 5.1ರಿಂದ ಈಚೆಗೆ ತಾನು ಮಾಡುವ ರೀಡೈರೆಕ್ಟ್‌ಗಳಲ್ಲಿ 'ಎಕ್ಸ್-ರೀಡೈರೆಕ್ಟ್-ಬೈ: ವರ್ಡ್‌ಪ್ರೆಸ್' ಅಂತ ಹೆಡರ್ ಹಾಕುತ್ತದೆ. ಕೆಲವು ಪ್ಲಗಿನ್‌ಗಳೂ ಅಲ್ಲಿ ತಮ್ಮ ಹೆಸರು ಹಾಕುತ್ತವೆ. ಈ ಸಾಲು ಕಂಡರೆ ಎಂಜಿನ್‌ಎಕ್ಸ್ ಕಾನ್ಫಿಗ್ ತಡಕಾಡುವ ಕೆಲಸವೇ ಇಲ್ಲ. ನಿಮ್ಮ ಲಾಗಿನ್ ಪುಟಕ್ಕೆ ಕರ್ಲ್ ಓಡಿಸಿ ನೋಡಿ, ಈ ಸಾಲು ಇರಬೇಕು ಅಂತ ನನ್ನ ಅಂದಾಜು. ಆದರೆ 'ಸರ್ವರ್' ಸಾಲನ್ನು ಅಷ್ಟಾಗಿ ನಂಬಬೇಡಿ. ಕ್ಲೌಡ್‌ಫ್ಲೇರ್‌ನಂಥ ಸೇವೆ ಆ ಸಾಲನ್ನು ತನ್ನ ಹೆಸರಿಗೆ ಬದಲಿಸುತ್ತದೆ. ಆಗ ರೀಡೈರೆಕ್ಟ್ ಹೇಳಿದ್ದು ಸಿಡಿಎನ್ನೋ ಹಿಂದಿರುವ ನಿಮ್ಮ ಸರ್ವರ್ರೋ ಗೊತ್ತಾಗುವುದಿಲ್ಲ.

ಅದಕ್ಕೆ ಸಿಡಿಎನ್ ಬಿಟ್ಟು ನೇರವಾಗಿ ನಿಮ್ಮ ಸರ್ವರ್ ಬಾಗಿಲು ತಟ್ಟಬೇಕು. ಕರ್ಲ್‌ನಲ್ಲಿ 'ರಿಸಾಲ್ವ್' ಅಂತ ಒಂದು ಆಯ್ಕೆ ಇದೆ. ಡೊಮೇನ್ ಹೆಸರು, ಪೋರ್ಟ್, ಸರ್ವರಿನ ನಿಜವಾದ ಐಪಿ, ಈ ಮೂರನ್ನು ನಡುವೆ ಕೋಲನ್ ಇಟ್ಟು ಕೊಟ್ಟರೆ ಕರ್ಲ್ ಡಿಎನ್‌ಎಸ್ ಕೇಳದೆ ಸೀದಾ ಅಲ್ಲಿಗೆ ಹೋಗುತ್ತದೆ, ಡೊಮೇನ್ ಹೆಸರು ಮಾತ್ರ ಸರಿಯಾಗಿಯೇ ಇರುತ್ತದೆ. ಮೊದಲು ಪೋರ್ಟ್ 80ಕ್ಕೆ ಲಾಗಿನ್ ಪುಟ ಕೇಳಿ. ಆಮೇಲೆ ಅದೇ ಪ್ರಶ್ನೆಯನ್ನು 'ಎಕ್ಸ್-ಫಾರ್ವರ್ಡೆಡ್-ಪ್ರೋಟೋ: ಎಚ್‌ಟಿಟಿಪಿಎಸ್' ಅನ್ನುವ ಹೆಡರ್ ಸೇರಿಸಿ ಕೇಳಿ. ಸಿಡಿಎನ್‌ಗಳು, ಲೋಡ್ ಬ್ಯಾಲೆನ್ಸರ್‌ಗಳು (ಬಂದವರನ್ನು ಹಲವು ಸರ್ವರ್‌ಗಳಿಗೆ ಹಂಚುವವು) ಬಹುತೇಕ ಈ ಹೆಡರ್ ಕಳಿಸುತ್ತವೆ. 'ಹೊರಗಿನವರು ಎಚ್‌ಟಿಟಿಪಿಎಸ್‌ನಲ್ಲೇ ಬಂದಿದ್ದಾರೆ, ನಾನು ಒಳಗೆ ಎಚ್‌ಟಿಟಿಪಿ ಬಳಸಿದೆ ಅಷ್ಟೇ' ಅಂತ ಅದರ ಅರ್ಥ. ಎರಡು ಸಲವೂ ರೀಡೈರೆಕ್ಟ್ ಬಂದರೆ ನಿಮ್ಮ ವರ್ಡ್‌ಪ್ರೆಸ್ ಆ ಹೆಡರ್ ಕಡೆ ಕಣ್ಣೆತ್ತಿಯೂ ನೋಡುತ್ತಿಲ್ಲ ಅಂತ ಖಚಿತ. ನೋಡುವುದೂ ಇಲ್ಲ. ವರ್ಡ್‌ಪ್ರೆಸ್ ನೋಡುವುದು ಎರಡನ್ನೇ: ಸರ್ವರ್ ಕೊಟ್ಟ 'ಎಚ್‌ಟಿಟಿಪಿಎಸ್' ಅನ್ನುವ ಬೆಲೆ 'ಆನ್' ಅಥವಾ 1 ಇದೆಯೇ, ಇಲ್ಲವಾದರೆ ಪೋರ್ಟ್ 443 ಆಗಿದೆಯೇ. ಎರಡೂ ಇಲ್ಲದಿದ್ದರೆ ಅದರ ಪಾಲಿಗೆ ಇದು ಎಚ್‌ಟಿಟಿಪಿ. ನಿಮ್ಮ ಸೈಟ್ ವಿಳಾಸ ಎಚ್‌ಟಿಟಿಪಿಎಸ್ ಅಂತ ಸೆಟ್ಟಿಂಗ್‌ನಲ್ಲಿ ಇದ್ದಾಗ ಲಾಗಿನ್ ಮತ್ತು ಅಡ್ಮಿನ್ ಪುಟಗಳಿಗೆ ಎಚ್‌ಟಿಟಿಪಿಎಸ್ ಕಡ್ಡಾಯ ಮಾಡುತ್ತದೆ. ಮುಖಪುಟಕ್ಕೆ ಆ ಕಡ್ಡಾಯ ಇಲ್ಲ. ಅದಕ್ಕೇ ನಿಮ್ಮ ಮೊಬೈಲ್‌ನಲ್ಲಿ ಮುಖಪುಟ ಬಂತು, ಲಾಗಿನ್ ಬರಲಿಲ್ಲ.

ಈಗ ಸರಿಪಡಿಸುವ ವಿಚಾರ. ದಾರಿ ಎರಡಿವೆ, ನನ್ನ ಮನಸ್ಸು ಮೊದಲನೆಯದರ ಕಡೆಗೇ.

ಸಿಡಿಎನ್‌ನಿಂದ ನಿಮ್ಮ ಸರ್ವರ್‌ವರೆಗಿನ ಹಾದಿಯನ್ನೂ ಎಚ್‌ಟಿಟಿಪಿಎಸ್ ಮಾಡಿಬಿಡಿ. ಸರ್ವರ್‌ನಲ್ಲಿ ಮೊದಲೇ ಎಚ್‌ಟಿಟಿಪಿಎಸ್ ಇತ್ತು ಅಂದಿರಿ, ಅಂದರೆ ಸರ್ಟಿಫಿಕೇಟ್ ಇದ್ದೇ ಇರಬೇಕು. ಅದರ ಅವಧಿ ಮುಗಿದಿಲ್ಲ ಅಂತ ನೋಡಿಕೊಂಡು ಸಿಡಿಎನ್ ಸೆಟ್ಟಿಂಗ್ ಬದಲಿಸಿ. ಕ್ಲೌಡ್‌ಫ್ಲೇರ್ ಆದರೆ 'ಫುಲ್ ಸ್ಟ್ರಿಕ್ಟ್'. ಬರೀ 'ಫುಲ್' ಅಂತಲೂ ಒಂದಿದೆ, ಅದು ಸರ್ಟಿಫಿಕೇಟ್ ಅಸಲಿಯೇ ಅಂತ ಪರೀಕ್ಷಿಸುವುದಿಲ್ಲ. ಲೂಪ್ ಎರಡರಲ್ಲೂ ನಿಲ್ಲುತ್ತದೆ, ಆದರೆ ಸ್ಟ್ರಿಕ್ಟ್ ಇಟ್ಟುಕೊಳ್ಳಿ. ಈ ಒಂದು ಬದಲಾವಣೆಯಿಂದ ಎಂಜಿನ್‌ಎಕ್ಸ್‌ಗೆ ಬಂದವರು ಎಚ್‌ಟಿಟಿಪಿಎಸ್‌ನಲ್ಲಿ ಬಂದಂತೆ ಕಾಣುತ್ತದೆ. ಎಂಜಿನ್‌ಎಕ್ಸ್ ಜೊತೆ ಬರುವ ಫಾಸ್ಟ್‌ಸಿಜಿಐ ಸೆಟ್ಟಿಂಗ್ ಫೈಲ್ ಅದೇ ಮಾತನ್ನು ವರ್ಡ್‌ಪ್ರೆಸ್ ಓಡಿಸುವ ಪಿಎಚ್‌ಪಿಗೆ ದಾಟಿಸುತ್ತದೆ, ವರ್ಡ್‌ಪ್ರೆಸ್‌ಗೂ ಸರಿಯಾಗಿ ಕಾಣುತ್ತದೆ. ನೀವು ತೆಗೆದ ರೂಲನ್ನೂ ವಾಪಸ್ ಹಾಕಬಹುದು. ಇನ್ನೊಂದು ಲಾಭ ಇದೆ, ಅದು ಲೂಪ್‌ಗಿಂತ ದೊಡ್ಡದು. ಫ್ಲೆಕ್ಸಿಬಲ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಸಿಡಿಎನ್‌ನಿಂದ ಸರ್ವರ್‌ವರೆಗೆ ಬಿಚ್ಚಿಟ್ಟ ಕಾಗದದಂತೆ ಹೋಗುತ್ತಿರುತ್ತದೆ. ಬ್ರೌಸರ್‌ನಲ್ಲಿ ಬೀಗದ ಗುರುತು ನೋಡಿದ ಓದುಗರಿಗೆ ಅದು ಗೊತ್ತೇ ಆಗುವುದಿಲ್ಲ. ಅವರು ನಮ್ಮನ್ನು ನಂಬಿ ಮಾಹಿತಿ ಕೊಡುತ್ತಾರೆ, ಅಲ್ವಾ?

ಎರಡನೇ ದಾರಿ, ಆ ಹೆಡರ್ ನೋಡುವ ಹಾಗೆ ಮಾಡುವುದು. ಎಚ್‌ಟಿಟಿಪಿಎಸ್ ಅನ್ನು ಲೋಡ್ ಬ್ಯಾಲೆನ್ಸರ್‌ನಲ್ಲೇ ಮುಗಿಸಿ, ಒಳಗಿನ ಖಾಸಗಿ ಜಾಲದಲ್ಲಿ ಎಚ್‌ಟಿಟಿಪಿ ಬಳಸುವ ಕಡೆ ಇದೇ ರೂಢಿ. ವರ್ಡ್‌ಪ್ರೆಸ್‌ನಲ್ಲಾದರೆ ಡಬ್ಲ್ಯುಪಿ-ಕಾನ್ಫಿಗ್ ಫೈಲ್‌ನಲ್ಲಿ ಒಂದು ಷರತ್ತು ಬರೆಯಬೇಕು: ಆ ಹೆಡರ್‌ನ ಬೆಲೆ 'ಎಚ್‌ಟಿಟಿಪಿಎಸ್' ಆಗಿದ್ದರೆ, ಪಿಎಚ್‌ಪಿಯ ಸರ್ವರ್ ಪಟ್ಟಿಯಲ್ಲಿನ 'ಎಚ್‌ಟಿಟಿಪಿಎಸ್' ಬೆಲೆಯನ್ನು 'ಆನ್' ಮಾಡು. ಇದು ಡಬ್ಲ್ಯುಪಿ-ಸೆಟ್ಟಿಂಗ್ಸ್ ಕರೆಯುವ ಸಾಲಿಗಿಂತ ಮೇಲೆ ಇರಲೇಬೇಕು. ಕೆಳಗೆ ಬರೆದು, ಕೆಲಸ ಮಾಡುತ್ತಿಲ್ಲ ಅಂತ ತಲೆ ಕೆಡಿಸಿಕೊಂಡವರು ತುಂಬಾ ಜನ. ವರ್ಡ್‌ಪ್ರೆಸ್ ಬದಲು ಬೇರೆ ಫ್ರೇಮ್‌ವರ್ಕ್ ಬಳಸುವವರಿಗೂ ದಾರಿ ಇದೆ: ಜ್ಯಾಂಗೋದಲ್ಲಿ ಇದೇ ಕೆಲಸಕ್ಕೆ 'ಸೆಕ್ಯೂರ್ ಪ್ರಾಕ್ಸಿ ಎಸ್‌ಎಸ್‌ಎಲ್ ಹೆಡರ್' ಅನ್ನುವ ಸೆಟ್ಟಿಂಗ್ ಇದೆ, ಎಕ್ಸ್‌ಪ್ರೆಸ್‌ನಲ್ಲಿ 'ಟ್ರಸ್ಟ್ ಪ್ರಾಕ್ಸಿ', ಲಾರಾವೆಲ್‌ನಲ್ಲಿ 'ಟ್ರಸ್ಟ್ ಪ್ರಾಕ್ಸೀಸ್'. ಹೆಸರು ಬೇರೆ, ಅರ್ಥ ಒಂದೇ.

ಈ ದಾರಿ ಹಿಡಿದರೆ ಒಂದು ಎಚ್ಚರಿಕೆ ಬೇಕು. ಆ ಹೆಡರನ್ನು ಯಾರು ಬೇಕಾದರೂ ಬರೆದು ಕಳಿಸಬಹುದು, ಈಗಷ್ಟೇ ಕರ್ಲ್‌ನಲ್ಲಿ ನೀವೇ ಕಳಿಸಿದಿರಿ. ಹಾಗಾಗಿ ಸಿಡಿಎನ್‌ನ ಐಪಿಗಳಿಂದ ಬಂದವರಿಗೆ ಮಾತ್ರ ಸರ್ವರ್ ಬಾಗಿಲು ತೆರೆದಿರಲಿ, ಉಳಿದವರಿಗೆ ಫೈರ್‌ವಾಲ್‌ನಲ್ಲೇ ಮುಚ್ಚಿ.

ಈ ಹೆಡರ್ ವಿಚಾರದಲ್ಲಿ ನಾನೇ ಒಮ್ಮೆ ಒಂದು ಸಂಜೆ ಪೂರ್ತಿ ಸಿಕ್ಕಿಹಾಕಿಕೊಂಡಿದ್ದೆ. ಮುಂದೆ ಲೋಡ್ ಬ್ಯಾಲೆನ್ಸರ್, ಮಧ್ಯದಲ್ಲಿ ಎಂಜಿನ್‌ಎಕ್ಸ್, ಹಿಂದೆ ಒಂದು ಜ್ಯಾಂಗೋ ಆಪ್. ಲೋಡ್ ಬ್ಯಾಲೆನ್ಸರ್ ಹೆಡರ್ ಕಳಿಸುತ್ತಿತ್ತು. ಆಪ್‌ನಲ್ಲಿ ಸೆಟ್ಟಿಂಗ್ ಸರಿ ಇತ್ತು. ಆದರೂ ಲೂಪ್. ಎರಡು ತುದಿಯನ್ನೂ ಎಷ್ಟು ಸಲ ನೋಡಿದರೂ ಎಲ್ಲಾ ಸರಿಯಾಗೇ ಕಾಣುತ್ತಿತ್ತು. ಕೊನೆಗೆ, ಆಪ್‌ಗೆ ಬಂದ ಹೆಡರ್‌ಗಳನ್ನು ಇದ್ದ ಹಾಗೇ ಲಾಗ್‌ಗೆ ಬರೆಸಿದೆ. ಆಪ್‌ಗೆ ಸಿಗುತ್ತಿದ್ದದ್ದು 'ಎಚ್‌ಟಿಟಿಪಿ'. ಮಧ್ಯದ ಎಂಜಿನ್‌ಎಕ್ಸ್‌ನಲ್ಲಿ ಎಲ್ಲರೂ ಬರೆಯುವ ಸಾಲು ಇತ್ತು: ಪ್ರಾಕ್ಸಿಗೆ ಕಳಿಸುವಾಗ ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರ್‌ಗೆ 'ಸ್ಕೀಮ್' (ತನಗೆ ಬಂದದ್ದು ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಅನ್ನುವ) ಬೆಲೆ ಹಾಕು ಅಂತ. ಎಂಜಿನ್‌ಎಕ್ಸ್ ಒಂದೇ ಇದ್ದಾಗ ಆ ಸಾಲು ಸರಿ. ಆದರೆ ಅದರ ಮುಂದೆ ಇನ್ನೊಬ್ಬರು ಬೀಗ ತೆಗೆದಿದ್ದರೆ, ಎಂಜಿನ್‌ಎಕ್ಸ್ ಕಣ್ಣಿಗೆ ಸ್ಕೀಮ್ ಎಚ್‌ಟಿಟಿಪಿಯೇ. ಲೋಡ್ ಬ್ಯಾಲೆನ್ಸರ್ ಕೊಟ್ಟ ಸರಿಯಾದ ಚೀಟಿಯನ್ನು ಅಳಿಸಿ ತನ್ನ ಚೀಟಿ ಅಂಟಿಸುತ್ತಿತ್ತು. ಎಂಜಿನ್‌ಎಕ್ಸ್‌ನ 'ಮ್ಯಾಪ್' ಬಳಸಿ, ಹೆಡರ್ ಬಂದಿದ್ದರೆ ಅದನ್ನೇ ದಾಟಿಸು, ಬರದಿದ್ದರೆ ಮಾತ್ರ ಸ್ಕೀಮ್ ಹಾಕು ಅಂತ ಮಾಡಿದ ಮೇಲೆ ಲೂಪ್ ನಿಂತಿತು. ಅವತ್ತಿನಿಂದ ನಾನು ಮೊದಲು ಮಾಡುವ ಕೆಲಸ, ಕೊನೆಯಲ್ಲಿ ಕೂತಿರುವ ಆಪ್‌ಗೆ ನಿಜವಾಗಿ ಏನು ತಲುಪಿತು ಅಂತ ಬರೆಸಿ ನೋಡುವುದು. ನಿಮ್ಮಲ್ಲಿ ಈಗ ಮಧ್ಯದಲ್ಲಿ ಯಾರೂ ಇಲ್ಲ. ಮುಂದೆ ವಾರ್ನಿಶ್‌ನಂಥ ಕ್ಯಾಶ್ ಸರ್ವರ್ ಅಥವಾ ಡಾಕರ್ ಒಳಗೆ ಇನ್ನೊಂದು ಎಂಜಿನ್‌ಎಕ್ಸ್ ಸೇರಿದರೆ ಇದು ನೆನಪಿರಲಿ.

ಇನ್ನು ನಿಮ್ಮ ಲ್ಯಾಪ್‌ಟಾಪ್. ನೀವು ಕುಕೀ ಅಳಿಸಿದಿರಿ. ಆದರೆ 301 ಇರುವುದು ಕುಕೀಯಲ್ಲಲ್ಲ, ಕ್ಯಾಶ್‌ನಲ್ಲಿ. ಲೂಪ್ ಇದ್ದಾಗ ಲ್ಯಾಪ್‌ಟಾಪ್‌ನಲ್ಲಿ ಮುಖಪುಟ ತೆರೆದಿರಿ, ಸರ್ವರ್ 'ಶಾಶ್ವತವಾಗಿ ಅಲ್ಲಿಗೆ ಹೋಗಿ' ಅಂದಿತು. ಬ್ರೌಸರ್ ಅದನ್ನು ಬರೆದಿಟ್ಟುಕೊಂಡಿತು. ಈಗ ನೀವು ವಿಳಾಸ ಕೊಟ್ಟರೆ ಬ್ರೌಸರ್ ಸರ್ವರನ್ನು ಕೇಳುವುದೇ ಇಲ್ಲ, ತನ್ನ ಪುಸ್ತಕ ನೋಡಿ ತಾನೇ ಸುತ್ತುತ್ತದೆ. ಮೊಬೈಲ್‌ನಲ್ಲಿ ರೂಲ್ ತೆಗೆದ ಮೇಲೆ ಮೊದಲ ಸಲ ತೆರೆದಿರಬೇಕು, ಅದಕ್ಕೆ ಅಲ್ಲಿ ಬಂತು. ಖಚಿತ ಮಾಡಿಕೊಳ್ಳಲು ಇನ್‌ಕಾಗ್ನಿಟೋ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಬಂದರೆ ಮಾಮೂಲಿ ಕಿಟಕಿಯ ಕ್ಯಾಶ್‌ನದೇ ಕೆಲಸ. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ತೆರೆದರೆ ಆ 301ರ ಪಕ್ಕ 'ಡಿಸ್ಕ್ ಕ್ಯಾಶ್' ಅಂತಲೂ ಕಾಣುತ್ತದೆ. ಅಲ್ಲೇ 'ಡಿಸೇಬಲ್ ಕ್ಯಾಶ್' ಟಿಕ್ ಮಾಡಿ ಒಮ್ಮೆ ತೆರೆಯಿರಿ. ಆಗದಿದ್ದರೆ ಕ್ಯಾಶ್ ಪೂರ್ತಿ ಅಳಿಸಿ.

ನಿಮ್ಮ ಲ್ಯಾಪ್‌ಟಾಪ್ ನಿಮ್ಮ ಕೈಯಲ್ಲಿದೆ. ಆ ಒಂದು ವಾರದಲ್ಲಿ ಸೈಟ್ ತೆರೆಯಲು ನೋಡಿದ ಓದುಗರ ಬ್ರೌಸರ್ ನಿಮ್ಮ ಕೈಯಲ್ಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಾವು ಸರಿಪಡಿಸಿ ಮಲಗಿದ ಮೇಲೂ ಅವರಿಗೆ ಸೈಟ್ ತೆರೆಯುವುದಿಲ್ಲ, ಅವರು ಹೇಳುವುದೂ ಇಲ್ಲ, ಸುಮ್ನೆ ಹೋಗಿಬಿಡುತ್ತಾರೆ. ಹೊಸ ರೀಡೈರೆಕ್ಟ್ ಬರೆಯುವಾಗ ಮೊದಲು 302 ಹಾಕಿ. ಕೆಲವು ದಿನ ಎಲ್ಲಾ ಸರಿ ಇದ್ದರೆ ಆಮೇಲೆ 301 ಮಾಡಿ. ಅಥವಾ 301 ಜೊತೆಗೆ ಕ್ಯಾಶ್-ಕಂಟ್ರೋಲ್ ಹೆಡರ್ ಕೊಟ್ಟು ನೆನಪಿನ ಅವಧಿಯನ್ನು ಒಂದು ಗಂಟೆಗೆ, ಅಂದರೆ 3600 ಸೆಕೆಂಡಿಗೆ ಇಳಿಸಿ. ಸಿಡಿಎನ್ ಕೂಡ 301 ಬರೆದಿಟ್ಟುಕೊಂಡಿರಬಹುದು. ಸೆಟ್ಟಿಂಗ್ ಬದಲಿಸಿದ ತಕ್ಷಣ ಸಿಡಿಎನ್ ಕ್ಯಾಶ್ ಖಾಲಿ ಮಾಡಿ. ಸಿಡಿಎನ್ ಕ್ಯಾಶ್ ಮಾಡುವಾಗ ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಎರಡನ್ನೂ ಒಂದೇ ಅಂತ ಲೆಕ್ಕ ಹಾಕುವಂತಿದ್ದರೆ, ಎಚ್‌ಟಿಟಿಪಿಯವರಿಗೆ ಕೊಟ್ಟ ರೀಡೈರೆಕ್ಟನ್ನು ಎಚ್‌ಟಿಟಿಪಿಎಸ್‌ನವರಿಗೂ ಕೊಟ್ಟು ಲೂಪ್ ಹುಟ್ಟಿಸುತ್ತದೆ. ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ ಅನ್ನುವ ಥರದ ಲೂಪ್ ಕಂಡರೆ ಇದನ್ನು ಅನುಮಾನಿಸಿ.

ಬ್ರೌಸರ್ ನೆನಪಿನಲ್ಲಿ ಇನ್ನೊಂದು ಬಗೆ ಇದೆ, ಎಚ್‌ಎಸ್‌ಟಿಎಸ್. 2012ರಲ್ಲಿ ಬಂದ ಮಾನಕ ಇದು. ಸರ್ವರ್ ಒಮ್ಮೆ ಈ ಹೆಡರ್ ಕಳಿಸಿದರೆ, ಹೇಳಿದ ಅವಧಿಯವರೆಗೆ ಬ್ರೌಸರ್ ಆ ಡೊಮೇನ್‌ಗೆ ಎಚ್‌ಟಿಟಿಪಿಯಲ್ಲಿ ಹೋಗುವುದೇ ಇಲ್ಲ. ಅವಧಿ ಸಾಮಾನ್ಯವಾಗಿ 31536000 ಸೆಕೆಂಡ್, ಅಂದರೆ ಒಂದು ವರ್ಷ. ಈಗ ಯಾವುದೋ ಪುಟವನ್ನು ಎಚ್‌ಟಿಟಿಪಿಗೆ ಇಳಿಸುವ ಹಳೇ ರೂಲ್ ಒಂದು ಉಳಿದಿದೆ ಅಂತಿಟ್ಟುಕೊಳ್ಳಿ. ಸರ್ವರ್ ಕೆಳಗಿಳಿಸುತ್ತದೆ, ಬ್ರೌಸರ್ ತಾನೇ ಮೇಲೆ ಹತ್ತಿಸುತ್ತದೆ. ಲೂಪ್ ಬ್ರೌಸರ್‌ನಲ್ಲಿ ಮಾತ್ರ. ಎಚ್‌ಟಿಟಿಪಿ ವಿಳಾಸಕ್ಕೆ ಕರ್ಲ್ ಓಡಿಸಿದರೆ ಪುಟ ಚೆನ್ನಾಗಿಯೇ ಬರುತ್ತದೆ. ಕ್ರೋಮ್‌ನ ನೆಟ್‌ವರ್ಕ್ ಟ್ಯಾಬ್‌ನಲ್ಲಿ ನೀವು ಎಲ್ಲೂ ಬರೆಯದ 307 ಕಂಡು, ಅದರ ಹೆಡರ್‌ನಲ್ಲಿ ಎಚ್‌ಎಸ್‌ಟಿಎಸ್ ಅಂತ ಕಾರಣ ಕಂಡರೆ ಇದೇ. ಎಚ್‌ಟಿಟಿಪಿಗೆ ಇಳಿಸುವ ರೂಲನ್ನು ಕಿತ್ತುಹಾಕುವುದೇ ಮದ್ದು.

ಇಷ್ಟರಲ್ಲಿ ನಿಮ್ಮ ಲೂಪ್ ನಿಂತಿರಬೇಕು. ನಿಲ್ಲದಿದ್ದರೆ ಲೊಕೇಶನ್ ಸಾಲಿನಲ್ಲಿ ಡಬ್ಲ್ಯುಡಬ್ಲ್ಯುಡಬ್ಲ್ಯು ಬಂದು ಹೋಗುತ್ತಿದೆಯೇ ನೋಡಿ. ವರ್ಡ್‌ಪ್ರೆಸ್‌ನ ಸೈಟ್ ವಿಳಾಸದಲ್ಲಿ ಅದು ಇದ್ದು, ಎಂಜಿನ್‌ಎಕ್ಸ್ ಅಥವಾ ಸಿಡಿಎನ್ ಅದನ್ನು ತೆಗೆಯುತ್ತಿದ್ದರೆ ಇಬ್ಬರೂ ಒಬ್ಬರಿಗೊಬ್ಬರು ಚೆಂಡು ಎಸೆಯುತ್ತಿರುತ್ತಾರೆ. ಅಡ್ಮಿನ್‌ಗೆ ಹೋಗಲಾಗದಿದ್ದರೆ ಡಬ್ಲ್ಯುಪಿ-ಕಾನ್ಫಿಗ್‌ನಲ್ಲಿ 'ಡಬ್ಲ್ಯುಪಿ ಹೋಮ್', 'ಡಬ್ಲ್ಯುಪಿ ಸೈಟ್‌ಯುಆರ್‌ಎಲ್' ಎರಡನ್ನೂ ಬರೆದರೆ ಡೇಟಾಬೇಸ್‌ನಲ್ಲಿ ಇರುವುದನ್ನು ಅದು ಮೀರುತ್ತದೆ. ಯಾವುದು ಇಟ್ಟುಕೊಳ್ಳಬೇಕು ಅನ್ನುವುದು ನಿಮ್ಮ ಇಷ್ಟ. ಆದರೆ ಒಮ್ಮೆ ಆರಿಸಿದ ಮೇಲೆ ಅದಲುಬದಲು ಮಾಡಬೇಡಿ. ಹಳೇ ದಿಕ್ಕಿನ 301 ಬರೆದಿಟ್ಟುಕೊಂಡ ಬ್ರೌಸರ್‌ಗೆ ಹೊಸ ದಿಕ್ಕಿನ ರೂಲ್ ಸಿಕ್ಕರೆ, ಸರ್ವರ್‌ನಲ್ಲಿ ಲೂಪ್ ಇಲ್ಲದಿದ್ದರೂ ಅವರಿಗೆ ಲೂಪ್ ಆಗಬಹುದು.

ವಿಳಾಸದ ಕೊನೆಯ ಓರೆಗೆರೆಯ ಜಗಳವೂ ಇದೇ ಜಾತಿ. ಫೋಲ್ಡರ್ ಹೆಸರು ಕೇಳಿದರೆ ಅಪಾಚೆ (ಇನ್ನೊಂದು ವೆಬ್ ಸರ್ವರ್), ಎಂಜಿನ್‌ಎಕ್ಸ್ ಎರಡೂ ತಾವಾಗಿಯೇ ಕೊನೆಗೆ ಓರೆಗೆರೆ ಸೇರಿಸಿ ಕಳಿಸುತ್ತವೆ. ಅದು ಕಾನ್ಫಿಗ್‌ನಲ್ಲಿ ಎಲ್ಲೂ ಬರೆದಿರುವುದಿಲ್ಲ. ವಿಳಾಸ ಅಂದವಾಗಿರಲಿ ಅಂತ ನೀವು ಓರೆಗೆರೆ ತೆಗೆಯುವ ರೂಲ್ ಬರೆದರೆ, ನಿಜವಾದ ಫೋಲ್ಡರ್ ಇರುವ ವಿಳಾಸಗಳಲ್ಲಿ ಮಾತ್ರ ಲೂಪ್ ಆಗುತ್ತದೆ, ಉಳಿದ ಕಡೆ ಇಲ್ಲ. ಆ ರೂಲ್‌ಗೆ 'ಇದು ಫೋಲ್ಡರ್ ಅಲ್ಲದಿದ್ದರೆ' ಅನ್ನುವ ಷರತ್ತು ಹಾಕಬೇಕು.

ಕನ್ನಡದಲ್ಲಿ ವಿಳಾಸ ಇಡುವವರಿಗೆ ಒಂದು ಮಾತು. 'ಕ' ಅಕ್ಷರ ವಿಳಾಸದಲ್ಲಿ ಹೋಗುವಾಗ ಮೂರು ಬೈಟ್ ಆಗಿ, ಪ್ರತಿ ಬೈಟ್‌ಗೆ ಒಂದು ಶೇಕಡಾ ಗುರುತು ಮತ್ತು ಎರಡು ಅಂಕಿ-ಅಕ್ಷರ ಸೇರಿ, ಒಟ್ಟು ಒಂಬತ್ತು ಚಿಹ್ನೆ ಆಗುತ್ತದೆ. ಆ ಚಿಹ್ನೆಗಳಲ್ಲಿ ಇಂಗ್ಲಿಷಿನ 'ಇ', 'ಬಿ' ಅಕ್ಷರಗಳಿವೆ. ದೊಡ್ಡಕ್ಷರದಲ್ಲಿ ಬರೆದರೂ ಚಿಕ್ಕಕ್ಷರದಲ್ಲಿ ಬರೆದರೂ ಅರ್ಥ ಒಂದೇ. ಆದರೆ 'ವಿಳಾಸದಲ್ಲಿ ದೊಡ್ಡಕ್ಷರ ಕಂಡರೆ ಚಿಕ್ಕದು ಮಾಡಿ ಕಳಿಸು' ಅನ್ನುವ ರೂಲ್‌ಗೆ ಆ ಅರ್ಥ ಗೊತ್ತಿಲ್ಲ. ಹಿಂದಿರುವ ಆಪ್ ದೊಡ್ಡಕ್ಷರವನ್ನೇ ಸರಿ ಅಂದುಕೊಂಡಿದ್ದರೆ ಲೂಪ್ ಗ್ಯಾರಂಟಿ. ಇಂಗ್ಲಿಷ್ ವಿಳಾಸದ ಪುಟಗಳೆಲ್ಲ ಸರಿ ಇದ್ದು ಕನ್ನಡ ವಿಳಾಸದವು ಮಾತ್ರ ಸುತ್ತುತ್ತಿದ್ದರೆ ಇಲ್ಲಿ ಹುಡುಕಿ. ಹೋಲಿಸುವ ಮೊದಲು ಚಿಹ್ನೆಗಳನ್ನು ಬಿಡಿಸಿ ಅಕ್ಷರ ಮಾಡಿಕೊಂಡರೆ ಈ ತೊಂದರೆ ಇರುವುದಿಲ್ಲ.

ಲೂಪ್ ಅಂತ ಹೇಳಿಕೊಂಡು ಬರುವ ಇನ್ನೊಂದು ಸಮಸ್ಯೆ ನಿಜಕ್ಕೂ ಬೇರೆಯೇ. ಬ್ರೌಸರ್ ಸುತ್ತುವುದಿಲ್ಲ, 500 ತಪ್ಪು ಬರುತ್ತದೆ. ಎಂಜಿನ್‌ಎಕ್ಸ್ ಲಾಗ್‌ನಲ್ಲಿ 'ಇಂಟರ್ನಲ್ ರೀಡೈರೆಕ್ಷನ್ ಸೈಕಲ್' ಅಂತ ಇರುತ್ತದೆ, ಅಪಾಚೆ ಲಾಗ್‌ನಲ್ಲಿ 10 ಒಳ ರೀಡೈರೆಕ್ಟ್‌ಗಳ ಮಿತಿ ಮೀರಿತು ಅಂತ. ಇದು ಸರ್ವರ್ ಒಳಗೇ ವಿಳಾಸ ಬದಲಿಸುತ್ತಾ ಸುತ್ತಿದ್ದು. ಎಂಜಿನ್‌ಎಕ್ಸ್‌ನಲ್ಲಾದರೆ 'ಟ್ರೈ ಫೈಲ್ಸ್' ಸಾಲಿನ ಕೊನೆಗೆ ಬರೆದ ಫೈಲ್ ಅಲ್ಲಿ ಇದೆಯೇ, 'ರೂಟ್' ಸರಿಯಾದ ಫೋಲ್ಡರ್‌ಗೆ ಇದೆಯೇ ನೋಡಿ. ಅಪಾಚೆಯ ಎಚ್‌ಟಿ-ಆಕ್ಸೆಸ್ ಫೈಲ್‌ನಲ್ಲಾದರೆ, 'ಎಲ್' ಫ್ಲ್ಯಾಗ್ ಹಾಕಿದರೆ ಅಲ್ಲಿಗೆ ಮುಗಿಯಿತು ಅಂತ ಅನೇಕರು ನಂಬಿದ್ದಾರೆ. ಮುಗಿಯುವುದಿಲ್ಲ. ಬದಲಾದ ವಿಳಾಸದೊಂದಿಗೆ ಇಡೀ ಫೈಲ್ ಮತ್ತೆ ಮೊದಲಿನಿಂದ ಓಡುತ್ತದೆ. ಪೂರ್ತಿ ನಿಲ್ಲಿಸಲು ಅಪಾಚೆ 2.4ರಲ್ಲಿ 'ಎಂಡ್' ಫ್ಲ್ಯಾಗ್ ಇದೆ.

ಲಾಗಿನ್ ಆದ ಕೂಡಲೇ ಮತ್ತೆ ಲಾಗಿನ್ ಪುಟಕ್ಕೇ ಬಂದರೆ ಅದು ಕುಕೀ ಕಥೆ. ಸರ್ವರ್ ಕೊಟ್ಟ ಸೆಷನ್ ಕುಕೀ ಬ್ರೌಸರ್‌ನಿಂದ ವಾಪಸ್ ಬರುತ್ತಿರುವುದಿಲ್ಲ, ಹೆಚ್ಚಾಗಿ ಕುಕೀಯ ಡೊಮೇನ್ ಬೇರೆ ಇರುತ್ತದೆ.

ಯಾವ ರೂಲ್ ಎಲ್ಲಿದೆ ಅಂತ ಗೊತ್ತಾಗದಿದ್ದರೆ ಎಂಜಿನ್‌ಎಕ್ಸ್ ಆಜ್ಞೆಯ ಮುಂದೆ ಅಡ್ಡಗೆರೆ ಮತ್ತು ದೊಡ್ಡ 'ಟಿ' ಹಾಕಿ. ಬೇರೆ ಬೇರೆ ಫೈಲ್‌ಗಳಲ್ಲಿ ಚದುರಿದ ಇಡೀ ಕಾನ್ಫಿಗ್ ಒಂದೇ ಕಡೆ ಬರುತ್ತದೆ. ಅದರಲ್ಲಿ 'ರಿಟರ್ನ್' ಮತ್ತು 'ರೀರೈಟ್' ಹುಡುಕಿ. ಹಾಗೇ, ನಿಮ್ಮ ಎಚ್‌ಟಿಟಿಪಿಎಸ್ ರೂಲ್ ವಾಪಸ್ ಹಾಕುವಾಗ ಅದು ಪೋರ್ಟ್ 80ರ ಸರ್ವರ್ ಬ್ಲಾಕ್‌ನಲ್ಲಿ ಮಾತ್ರ ಇರಲಿ. 80 ಮತ್ತು 443 ಎರಡನ್ನೂ ಒಂದೇ ಬ್ಲಾಕ್‌ನಲ್ಲಿ ಇಟ್ಟು ಷರತ್ತಿಲ್ಲದೆ ರಿಟರ್ನ್ ಬರೆದರೆ, ಸಿಡಿಎನ್ ಇಲ್ಲದೆಯೂ ಲೂಪ್ ಆಗುತ್ತದೆ.

ಎಲ್ಲಾ ಮುಗಿದ ಮೇಲೆ ನಾಲ್ಕು ವಿಳಾಸಕ್ಕೆ ಕರ್ಲ್ ಓಡಿಸಿ: ಎಚ್‌ಟಿಟಿಪಿ ಮತ್ತು ಎಚ್‌ಟಿಟಿಪಿಎಸ್, ಪ್ರತಿಯೊಂದೂ ಡಬ್ಲ್ಯುಡಬ್ಲ್ಯುಡಬ್ಲ್ಯು ಇದ್ದು ಒಮ್ಮೆ, ಇಲ್ಲದೆ ಒಮ್ಮೆ. ನಾಲ್ಕರಲ್ಲಿ ಒಂದು ಮಾತ್ರ 200, ಅಂದರೆ 'ಸರಿ, ಪುಟ ಇಗೋ' ಅನ್ನುವ ಉತ್ತರ ಕೊಡಬೇಕು. ಉಳಿದ ಮೂರು ಒಂದೋ ಎರಡೋ ಹೆಜ್ಜೆಯಲ್ಲಿ ಅಲ್ಲಿಗೇ ಬಂದು ಸೇರಬೇಕು. ಆಮೇಲೆ ಲಾಗಿನ್ ಪುಟ, ಒಂದು ಒಳಪುಟ, ಕನ್ನಡ ವಿಳಾಸದ ಒಂದು ಪುಟ. ಲಾಗಿನ್ ಪುಟ ಇನ್ನೂ ಸುತ್ತಿದರೆ, ನೇರವಾಗಿ ಸರ್ವರ್‌ಗೆ ಕರ್ಲ್ ಓಡಿಸಿದಾಗ ಬಂದ ಲೊಕೇಶನ್ ಸಾಲು ಮತ್ತು ಎಕ್ಸ್-ರೀಡೈರೆಕ್ಟ್-ಬೈ ಸಾಲು, ಎರಡನ್ನೂ ಇದ್ದ ಹಾಗೇ ಬರೆದು ಕಳಿಸಿ.